ಎರಡು ಅಡಿಯ ತೊಟ್ಟಿಯಲ್ಲಿ ಗಿಡ ಮತ್ತು ಮೀನು: ಮೊದಲ ದಿನದಿಂದ ವಾರದ ಪಾಲನೆಯವರೆಗೆ

ಗಿಡಗಳಿರುವ ಸಿಹಿನೀರಿನ ಅಕ್ವೇರಿಯಂ ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ ಹಾಳಾಗುತ್ತದೆ. ಒಂದು, ತೊಟ್ಟಿ ಇಟ್ಟ ಮೊದಲ ಆರು ವಾರಗಳಲ್ಲಿ, ಮೀನು ಬಿಡುವ ಅವಸರದಿಂದ. ಇನ್ನೊಂದು, ಎಲ್ಲವೂ ನೆಲೆಗೊಂಡ ಮೇಲೆ ಎಲ್ಲೋ ಸ್ವಲ್ಪ ಪಾಚಿ ಕಂಡಿತೆಂದು ಒಂದೇ ದಿನದಲ್ಲಿ ಬೆಳಕು, ಗೊಬ್ಬರ, ಫಿಲ್ಟರ್, ನೀರು ನಾಲ್ಕನ್ನೂ ಬದಲಿಸಿದಾಗ. ಆದ್ದರಿಂದ ತೊಟ್ಟಿಯ ಪಕ್ಕದಲ್ಲಿ ನಾನು ಮೊದಲು ಇಡಿಸುವ ವಸ್ತು ಒಂದು ನೋಟ್‌ಬುಕ್. ಯಾವ ದಿನ ಏನು ಮಾಡಿದಿರಿ, ಎಷ್ಟು ನೀರು ತೆಗೆದಿರಿ, ಪರೀಕ್ಷೆಯಲ್ಲಿ ಏನು ಬಂತು ಎಂದು ಒಂದೊಂದು ಸಾಲು ಬರೆದಿಡಬೇಕು. ಒಂದು ಬಾರಿಗೆ ಒಂದನ್ನೇ ಬದಲಿಸಿ, ಎರಡು ವಾರ ಕಾದು ನೋಡಬೇಕು.

ಇಲ್ಲಿ ಹೇಳುವುದೆಲ್ಲ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯನ್ನು ಎದುರಿಗಿಟ್ಟುಕೊಂಡು ಹೇಳಿದ್ದು. ಲೆಕ್ಕಕ್ಕೆ ಅದು ಸುಮಾರು 56 ಲೀಟರ್ ಹಿಡಿಯುತ್ತದೆ. ಆದರೆ ಎರಡು ಅಂಗುಲ ಮರಳು ಹಾಸಿ, ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟರೆ ನಿಜವಾಗಿ ಉಳಿಯುವ ನೀರು 45 ಲೀಟರ್ ಮಾತ್ರ. ಔಷಧಿಗಾಗಲಿ ಗೊಬ್ಬರಕ್ಕಾಗಲಿ ಈ ಎರಡನೆಯ ಅಂಕಿಯನ್ನೇ ಬಳಸಬೇಕು. ಇದಕ್ಕಿಂತ ಚಿಕ್ಕ ತೊಟ್ಟಿ ಸುಲಭವೆಂದು ಹೊಸಬರು ಭಾವಿಸುತ್ತಾರೆ. ವಾಸ್ತವ ಅದಕ್ಕೆ ವಿರುದ್ಧವಾಗಿದೆ: ನೀರು ಕಡಿಮೆಯಾದಷ್ಟೂ ತಪ್ಪಿನ ಪರಿಣಾಮ ಬೇಗ ಕಾಣಿಸುತ್ತದೆ.

ತೊಟ್ಟಿ ಇಡುವ ಜಾಗ

ನೀರು, ಮರಳು, ಗಾಜು ಸೇರಿ ಈ ತೊಟ್ಟಿ ಎಪ್ಪತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಟಿ.ವಿ. ಇಡುವ ತೆಳು ಹಲಗೆಯ ಮೇಜು ಇದಕ್ಕೆ ಆಗುವುದಿಲ್ಲ. ಸ್ಟ್ಯಾಂಡಿನ ಮೇಲೆ ಅರ್ಧ ಅಂಗುಲದ ಥರ್ಮಾಕೋಲ್ ಹಾಳೆ ಹಾಸಿದರೆ ಸಣ್ಣಪುಟ್ಟ ಏರುತಗ್ಗನ್ನು ಅದು ನುಂಗಿಕೊಳ್ಳುತ್ತದೆ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಜಾಗ ಬೇಡ. ಮಲಗುವ ಕೋಣೆಯಲ್ಲಿ ಇಡುವುದಾದರೆ ಒಂದು ಮಾತು ನೆನಪಿಡಬೇಕು: ಸೊಳ್ಳೆ ಬತ್ತಿ ಮತ್ತು ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರಾವಣಗಳಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಜಾತಿಯ ವಿಷ ನಮಗೆ ಅಷ್ಟಾಗಿ ತಟ್ಟದಿದ್ದರೂ ಮೀನು ಮತ್ತು ಸಿಗಡಿಗಳಿಗೆ ಮಾರಕ, ಮತ್ತು ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ.

ನೀರನ್ನು ಅರಿಯುವುದು

ಗಿಡ, ಮೀನು ಯಾವುದನ್ನೂ ಕೊಳ್ಳುವ ಮೊದಲು ನಿಮ್ಮ ನಲ್ಲಿಯ ನೀರು ಎಂಥದ್ದೆಂದು ತಿಳಿದುಕೊಳ್ಳಬೇಕು. ಗೀಸರ್ ಕಾಯಿಲ್‌ನ ಮೇಲೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಸ್ನಾನದ ಮನೆಯ ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಅದು ಗಡಸು ನೀರು. ಹೆಚ್ಚಿನ ಬೋರ್‌ವೆಲ್ ನೀರು ಈ ಬಗೆಯದು. ಸೋಪು ಚೆನ್ನಾಗಿ ನೊರೆ ಕೊಟ್ಟು, ಪಾತ್ರೆ ಸ್ವಚ್ಛವಾಗಿಯೇ ಉಳಿದರೆ ಅದು ಮೆದು ನೀರು. ಎರಡರಲ್ಲೂ ಒಳ್ಳೆಯ ತೊಟ್ಟಿ ಮಾಡಬಹುದು. ಗಡಸು ನೀರಿನವರು ಗಪ್ಪಿ, ಪ್ಲಾಟಿ, ಮೋಲಿಗಳನ್ನೂ ವ್ಯಾಲಿಸ್ನೇರಿಯಾ ಗಿಡವನ್ನೂ ಆರಿಸಿಕೊಂಡರೆ ನೆಮ್ಮದಿ. ಮೆದು ನೀರಿನವರಿಗೆ ಟೆಟ್ರಾ, ರಾಸ್ಬೋರಾಗಳು ಒಗ್ಗುತ್ತವೆ. ನೀರನ್ನು ಮೀನಿಗೆ ತಕ್ಕಂತೆ ಬದಲಿಸಲು ಹೊರಡುವುದಕ್ಕಿಂತ ನೀರಿಗೆ ತಕ್ಕ ಮೀನನ್ನು ತರುವುದು ಎಷ್ಟೋ ವಾಸಿ.

ನಲ್ಲಿ ನೀರಿನ ಇನ್ನೊಂದು ತೊಡಕು ಕ್ಲೋರಿನ್. ಅಗಲವಾದ ಬಕೆಟ್ಟಿನಲ್ಲಿ ಇಪ್ಪತ್ನಾಲ್ಕು ಗಂಟೆ ತೆರೆದಿಟ್ಟರೆ ಅದು ಬಹುಮಟ್ಟಿಗೆ ಆರಿಹೋಗುತ್ತದೆ. ಕಾಯುವಷ್ಟು ವ್ಯವಧಾನವಿಲ್ಲದವರು ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್ ಬಳಸಬಹುದು. ಮೀನಿನ ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಎಂದು ಮಾರುವುದರಲ್ಲಿ ಹೆಚ್ಚಿನದು ಇದೇ. ಒಂದು ಲೀಟರ್ ನೀರಿಗೆ 10 ಗ್ರಾಂ ಹರಳು ಕರಗಿಸಿಟ್ಟುಕೊಂಡು, ಹೊಸದಾಗಿ ಹಾಕುವ ನೀರಿನ ಪ್ರತಿ ಲೀಟರಿಗೆ 1 ಮಿ.ಲೀ. ಸೇರಿಸಿದರೆ ಸಾಧಾರಣ ಪ್ರಮಾಣದ ಕ್ಲೋರಿನ್‌ಗೆ ಸಾಕು. ದ್ರಾವಣ ಹಳತಾದರೆ ಶಕ್ತಿ ಕುಂದುತ್ತದೆ, ತಿಂಗಳಿಗೊಮ್ಮೆ ಹೊಸದು ಮಾಡಿಕೊಳ್ಳಬೇಕು. ಅಪಾರ್ಟ್‌ಮೆಂಟಿನಲ್ಲಿರುವವರು ಸಂಪು ತೊಳೆಯುವ ದಿನ ಯಾವುದೆಂದು ಕೇಳಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಅಂದು ಬ್ಲೀಚಿಂಗ್ ಪೌಡರನ್ನು ಅಳತೆಯಿಲ್ಲದೆ ಸುರಿಯುವುದುಂಟು. ಆ ವಾರ ನೀರು ಬದಲಿಸದಿದ್ದರೆ ನಷ್ಟವೇನೂ ಇಲ್ಲ.

ನನ್ನ ತೊಟ್ಟಿಗೆ ಆದ ದೊಡ್ಡ ನಷ್ಟವೂ ನೀರಿನಿಂದಲೇ ಆದದ್ದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳಂತೆ ನಮ್ಮ ಕಟ್ಟಡಕ್ಕೂ ಕಾವೇರಿ ನೀರು ನಿಂತು ಟ್ಯಾಂಕರ್ ನೀರು ಬರತೊಡಗಿತು. ನಲ್ಲಿ ಅದೇ, ಬಕೆಟ್ಟು ಅದೇ; ನೀರು ಬೇರೆ ಎಂಬುದು ಹೊಳೆಯಲಿಲ್ಲ. ಎಂದಿನಂತೆ ಭಾನುವಾರ ಅರ್ಧದಷ್ಟು ನೀರು ಬದಲಿಸಿದೆ. ಸಂಜೆಯ ಹೊತ್ತಿಗೆ ಮೀನುಗಳು ಮೇಲ್ಪದರಕ್ಕೆ ಬಂದು ಬಾಯಿ ಬಡಿಯುತ್ತಿದ್ದವು. ಎರಡು ದಿನಗಳಲ್ಲಿ ಹನ್ನೆರಡು ನಿಯಾನ್ ಟೆಟ್ರಾಗಳಲ್ಲಿ ಒಂಬತ್ತು ಹೋದವು. ನಡೆದದ್ದು ಇಷ್ಟೇ: ಹಳೆಯ ತೊಟ್ಟಿಯ ನೀರು ಕಾಲಕ್ರಮದಲ್ಲಿ ಸ್ವಲ್ಪ ಆಮ್ಲೀಯವಾಗಿತ್ತು, ಮೀನಿನ ಹೊಲಸಿನಿಂದ ಹುಟ್ಟಿ ಅಲ್ಲಿ ಸಣ್ಣ ಪ್ರಮಾಣದಲ್ಲಿದ್ದ ಅಮೋನಿಯಾ ಬಹುಪಾಲು ನಿರಪಾಯಕಾರಿ ಅಮೋನಿಯಂ ರೂಪದಲ್ಲಿತ್ತು. ಟ್ಯಾಂಕರಿನಲ್ಲಿ ಬಂದ ಕ್ಷಾರೀಯವಾದ ಬೋರ್‌ವೆಲ್ ನೀರು ಸೇರಿದೊಡನೆ ಅದೇ ಅಮೋನಿಯಾ ವಿಷವಾಯಿತು. 25 ಡಿಗ್ರಿ ತಾಪದಲ್ಲಿ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರ ಗುಣದ ಅಳತೆ, 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ. 1ಕ್ಕೂ ಕಡಿಮೆ, ಪಿಎಚ್ 8 ಆದರೆ ಶೇ. 5ನ್ನು ಮೀರುತ್ತದೆ. ಜೊತೆಗೆ ಗಡಸುತನದ ದಿಢೀರ್ ಏರಿಕೆಯನ್ನು ತಾಳಿಕೊಳ್ಳಲು ಮೀನಿನ ದೇಹಕ್ಕೆ ಸಮಯ ಬೇಕು. ಅಂದಿನಿಂದ ನೀರು ಬದಲಿಸುವ ಮುನ್ನ ಬಕೆಟ್ಟಿನ ನೀರಿನ ಪಿಎಚ್ ಮತ್ತು ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ನೋಡದೆ ತೊಟ್ಟಿಗೆ ಸುರಿದದ್ದಿಲ್ಲ. ನೀರಿನ ಮೂಲ ಬದಲಾದ ವಾರಗಳಲ್ಲಿ ಐದೈದು ಲೀಟರಿನಂತೆ ದಿನ ಬಿಟ್ಟು ದಿನ ಹಾಕುತ್ತೇನೆ.

ಮರಳು, ಬೆಳಕು, ಫಿಲ್ಟರ್

ತಳಕ್ಕೆ ಎರಡು ಅಂಗುಲ ಸಣ್ಣ ಜಲ್ಲಿ ಅಥವಾ ದಪ್ಪ ಮರಳು ಸಾಕು. ಹೊಳೆಯ ಮರಳಾದರೆ ಅದರಲ್ಲಿ ಚಿಪ್ಪಿನ ಚೂರು ಇದೆಯೇ ನೋಡಬೇಕು. ಒಂದು ಹಿಡಿ ಮರಳಿನ ಮೇಲೆ ವಿನೆಗರ್ ಸುರಿದಾಗ ಗುಳ್ಳೆ ಎದ್ದರೆ ಅದು ನೀರಿನ ಗಡಸುತನವನ್ನು ಏರಿಸುತ್ತಲೇ ಇರುತ್ತದೆ ಎಂದರ್ಥ. ಅಂಗಡಿಯ ಬಣ್ಣಬಣ್ಣದ ಜಲ್ಲಿಯ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಬೇರಿನಿಂದ ಆಹಾರ ಎಳೆಯುವ ಗಿಡಗಳಿಗಾಗಿ ಮರಳಿನಡಿ ಒಂದು ಅಂಗುಲದಷ್ಟು, ಗೊಬ್ಬರ ಬೆರೆಸದ ಸಾಮಾನ್ಯ ತೋಟದ ಮಣ್ಣನ್ನು ಜರಡಿ ಹಿಡಿದು ಹಾಸುವ ಪದ್ಧತಿಯೂ ಇದೆ. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಗಿಡ ಕಿತ್ತು ಬೇರೆಡೆ ನೆಡುವ ಚಪಲವಿರುವವರು ಆ ದಾರಿ ಹಿಡಿಯಬಾರದು, ಕಿತ್ತಾಗಲೆಲ್ಲ ತೊಟ್ಟಿ ಕೆಸರಾಗುತ್ತದೆ.

ಬೆಳಕಿಗೆ ಎರಡು ಅಡಿಯ ಬಿಳಿ ಎಲ್‌ಇಡಿ ದೀಪ, ಅದಕ್ಕೊಂದು ಟೈಮರ್. ಮೊದಲ ತಿಂಗಳು ದಿನಕ್ಕೆ ಆರು ಗಂಟೆ, ಅನಂತರ ಏಳು, ಹೆಚ್ಚೆಂದರೆ ಎಂಟು. ಮನೆಯವರು ನೋಡುವ ಹೊತ್ತಿಗೆ, ಅಂದರೆ ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತರವರೆಗೆ ಹೊಂದಿಸಿಕೊಂಡರೆ ಬೆಳಿಗ್ಗೆಯಿಂದ ದೀಪ ಉರಿಸುವ ಆಸೆ ಹುಟ್ಟುವುದಿಲ್ಲ. ಫಿಲ್ಟರ್ ಆಗಿ, ಏರ್ ಪಂಪಿನ ಗಾಳಿಯಿಂದ ನೀರನ್ನು ಸ್ಪಂಜಿನ ಮೂಲಕ ಎಳೆಯುವ ಸ್ಪಂಜ್ ಫಿಲ್ಟರೇ ಈ ಅಳತೆಗೆ ಸಾಲುತ್ತದೆ. ಕರೆಂಟು ಪದೇ ಪದೇ ಹೋಗುವ ಊರಿನಲ್ಲಿ ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಒಂದಿರಲಿ.

ತಾಪಮಾನ 24ರಿಂದ 27 ಡಿಗ್ರಿಯೊಳಗಿದ್ದರೆ ಸರಿ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನ ಡಿಸೆಂಬರಿಗೆ 50 ವಾಟ್‌ನ ಹೀಟರ್ ಬೇಕಾಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಸಮಸ್ಯೆ ತಿರುವುಮುರುವು: ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಾತ್ರ ಹಿಡಿಯುತ್ತದೆ. ಅಲ್ಲಿ ಮುಚ್ಚಳ ತೆಗೆದು ಸಣ್ಣ ಫ್ಯಾನಿನ ಗಾಳಿಯನ್ನು ನೀರಿನ ಮೇಲ್ಮೈಗೆ ಹಾಯಿಸಿದರೆ ಒಣಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಈ ಉಪಾಯದ ಫಲ ಕಡಿಮೆ.

ಗಿಡ ಬೆಳೆಯಲೆಂದು ನೀರಿಗೆ ಅನಿಲ ಹಾಯಿಸುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಮೊದಲ ವರ್ಷ ಬೇಡ. ಅದೇ ಅನಿಲಕ್ಕಾಗಿ ಮನೆಯಲ್ಲೇ ಮಾಡುವ ಸಕ್ಕರೆ-ಯೀಸ್ಟ್ ಬಾಟಲಿಯಂತೂ ಇನ್ನೂ ಬೇಡ. ಅದು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಅನಿಲ ಕೊಡುತ್ತದೆ, ಆ ಏರಿಳಿತವೇ ಕಪ್ಪು ಗಡ್ಡದಂಥ ಪಾಚಿಗೆ ಆಹ್ವಾನ.

ಗಿಡ ನೆಡುವುದು

ಅನಿಲ ಹಾಯಿಸದೆ ಬೆಳೆಯುವ ಗಿಡಗಳು ಬೇಕಾದಷ್ಟಿವೆ. ಹಿಂಬದಿಗೆ ವ್ಯಾಲಿಸ್ನೇರಿಯಾ ಮತ್ತು ಹೈಗ್ರೊಫಿಲಾ, ನಡುವೆ ಕ್ರಿಪ್ಟೊಕೊರೈನ್, ಕಲ್ಲು-ಮರಕ್ಕೆ ಕಟ್ಟಲು ಜಾವಾ ಫರ್ನ್ ಮತ್ತು ಅನುಬಿಯಾಸ್, ನೀರಿನ ಮೇಲೆ ಒಂದು ಹಿಡಿ ತೇಲುಗಿಡ. ನಮ್ಮ ಪಶ್ಚಿಮ ಘಟ್ಟದ ತೊರೆಗಳ ಲ್ಯಾಗೆನಾಂಡ್ರಾ ಮೀಬೋಲ್ಡಿ ಎಂಬ ಗಿಡ ಕಡಿಮೆ ಬೆಳಕಿನಲ್ಲೂ ನಿಧಾನವಾಗಿ ಬೆಳೆದು ಕಂದುಗೆಂಪಿನ ಎಲೆ ಬಿಡುತ್ತದೆ. ನರ್ಸರಿಯಲ್ಲಿ ಬೆಳೆಸಿದ್ದು ಸಿಕ್ಕರೆ ತರಬಹುದು, ಚಾರಣಕ್ಕೆ ಹೋದಾಗ ತೊರೆಯಿಂದ ಕಿತ್ತು ತರಬಾರದು.

ಮೊದಲ ದಿನವೇ ತಳದ ಮುಕ್ಕಾಲು ಭಾಗ ಗಿಡಗಳಿಂದ ತುಂಬಿರಬೇಕು. ಎರಡು ಗಿಡ ನೆಟ್ಟು, ಅವು ಹರಡಲಿ ಎಂದು ಕಾಯುವವರ ತೊಟ್ಟಿಯಲ್ಲಿ ಹರಡುವುದು ಪಾಚಿ. ಅಂಗಡಿಯ ಪುಟ್ಟ ಕುಂಡದಲ್ಲಿ ಬೇರಿಗೆ ಸುತ್ತಿರುವ ಹತ್ತಿಯನ್ನು ಪೂರ್ತಿ ಬಿಡಿಸಿ, ಬೇರನ್ನು ಎರಡು ಅಂಗುಲಕ್ಕೆ ಕತ್ತರಿಸಿ, ಚಿಮಟದಿಂದ ಓರೆಯಾಗಿ ಮರಳಿಗೆ ತೂರಿಸಿ ನೆಡಬೇಕು. ಅನುಬಿಯಾಸ್ ಮತ್ತು ಜಾವಾ ಫರ್ನ್‌ಗಳ ಅಡ್ಡಕಾಂಡ ಮಾತ್ರ ಮರಳಿನೊಳಗೆ ಹೋಗಬಾರದು, ಹೋದರೆ ಕೊಳೆಯುತ್ತದೆ. ಹೊಲಿಗೆಯ ಹತ್ತಿ ದಾರದಿಂದ ಕಲ್ಲಿಗೆ ಕಟ್ಟಿದರೆ ದಾರ ಕರಗುವಷ್ಟರಲ್ಲಿ ಬೇರು ಹಿಡಿದಿರುತ್ತದೆ.

ಎರಡನೆಯ ವಾರ ಕ್ರಿಪ್ಟೊಕೊರೈನ್ ಎಲೆಗಳು ಬೆಂದ ಸೊಪ್ಪಿನಂತೆ ಕರಗಿಹೋಗಬಹುದು. ಗಾಬರಿಯಿಂದ ಕಿತ್ತೆಸೆಯುವವರೇ ಹೆಚ್ಚು. ನರ್ಸರಿಗಳಲ್ಲಿ ಇಂಥ ಗಿಡಗಳನ್ನು ಹಲವು ವೇಳೆ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸಿರುತ್ತಾರೆ. ಆ ಎಲೆ ನೀರೊಳಗೆ ಉಳಿಯುವುದಿಲ್ಲ. ಕರಗಿದ ಎಲೆಯನ್ನಷ್ಟೇ ಕತ್ತರಿಸಿ ತೆಗೆದು ಬೇರನ್ನು ಹಾಗೆಯೇ ಬಿಟ್ಟರೆ ತಿಂಗಳೊಳಗೆ ಬುಡದಿಂದ ನೀರಿಗೆ ಒಗ್ಗಿದ ಹೊಸ ಎಲೆ ಏಳುತ್ತದೆ.

ಮೀನಿಲ್ಲದ ಆರು ವಾರ

ಮೀನಿನ ಹೊಲಸು ಮತ್ತು ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲ ಎರಡೂ ವಿಷ. ನೈಟ್ರೈಟ್ ಮೀನಿನ ರಕ್ತ ಆಮ್ಲಜನಕ ಒಯ್ಯದಂತೆ ತಡೆಯುತ್ತದೆ, ಕಿವಿರು ಕಂದುಬಣ್ಣಕ್ಕೆ ತಿರುಗುತ್ತದೆ. ನೈಟ್ರೇಟ್ ಮಾತ್ರ ಸಾಕಷ್ಟು ಸೌಮ್ಯ, ಗಿಡಗಳಿಗೆ ಆಹಾರವೂ ಹೌದು. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುತ್ತಿರುವುದಿಲ್ಲ. ಸ್ಪಂಜಿಗೆ, ಮರಳಿಗೆ, ಎಲೆಗೆ ಅಂಟಿಕೊಂಡು ನಿಧಾನವಾಗಿ ಹೆಚ್ಚುತ್ತವೆ. ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಈ ಅವಧಿಯಲ್ಲಿ ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕುತ್ತಿರಬೇಕು. ಪರಿಚಿತರ ಮನೆಯ ಆರೋಗ್ಯವಾದ ತೊಟ್ಟಿಯ ಹಳೆಯ ಸ್ಪಂಜಿನ ತುಂಡು ಸಿಕ್ಕರೆ ಅದನ್ನು ಒಣಗಲು ಬಿಡದೆ ತಂದು ನಿಮ್ಮ ಫಿಲ್ಟರಿನೊಳಗೆ ತುರುಕಿದರೆ ಅರ್ಧದಷ್ಟು ಕಾಲ ಉಳಿಯಬಹುದು. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ವಾರಕ್ಕೆರಡು ಬಾರಿ ಹನಿ-ಪರೀಕ್ಷೆಯ ಕಿಟ್‌ನಿಂದ ನೀರು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಗಿಡ ದಟ್ಟವಾಗಿದ್ದರೆ ಈ ಏರಿಕೆ ಬಹಳ ಸಣ್ಣದಾಗಿರಬಹುದು. ದಿನವೂ ಆಹಾರ ಹಾಕುತ್ತಿದ್ದರೂ ಎರಡೂ ಒಂದು ವಾರ ಸೊನ್ನೆಯಲ್ಲಿ ನಿಂತಾಗ ತೊಟ್ಟಿ ಸಿದ್ಧ. ಗಾಜಿನ ಮೇಲೆ ಈ ನಡುವೆ ಕಂದು ಧೂಳಿನಂಥ ಪಾಚಿ ಕಾಣುತ್ತದೆ. ಹೊಸ ತೊಟ್ಟಿಗಳಲ್ಲಿ ಅದು ಸಹಜ, ಒರೆಸಿದರೆ ಹೋಗುತ್ತದೆ.

ಮೀನು ಬಿಡುವುದು

45 ಲೀಟರಿಗೆ ಎಂಟು ಹಾರ್ಲೆಕ್ವಿನ್ ರಾಸ್ಬೋರಾ ಅಥವಾ ಹತ್ತು ಎಂಬರ್ ಟೆಟ್ರಾ, ಹನಿ-ಗೌರಾಮಿ ಎಂಬ ಮೀನು ಒಂದು, ಎಂಟು-ಹತ್ತು ಚೆರ್ರಿ ಸಿಗಡಿ: ಇಷ್ಟು ನೆಮ್ಮದಿಯ ಸಂಸಾರ. ಗಪ್ಪಿ ಸಾಕುವವರು ಗಂಡುಗಳನ್ನು ಮಾತ್ರ ತರಬೇಕು, ಇಲ್ಲವಾದರೆ ಆರು ತಿಂಗಳಲ್ಲಿ ಮರಿಗಳನ್ನು ಯಾರಿಗೆ ಕೊಡುವುದೆಂದು ನೆಂಟರ ಪಟ್ಟಿ ತೆಗೆಯಬೇಕಾಗುತ್ತದೆ. ಗೋಲ್ಡ್‌ಫಿಶ್ ಗಿಡಗಳನ್ನು ಕಿತ್ತು ತಿನ್ನುತ್ತದೆ. ಪಾಚಿ ತಿನ್ನುತ್ತದೆಂದು ಅಂಗಡಿಯವರು ಕೊಡುವ ಬೆರಳುದ್ದದ ಸಕ್ಕರ್ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಮಿಸ್ ಕೇರಳ ಎಂದು ಹೆಸರಾದ, ಮೈಮೇಲೆ ಕೆಂಪು-ಕಪ್ಪು ಗೆರೆಗಳಿರುವ ಪಶ್ಚಿಮ ಘಟ್ಟದ ಮೀನು ಎಷ್ಟೇ ಚೆಂದವಿದ್ದರೂ ಎರಡು ಅಡಿಯ ತೊಟ್ಟಿಗಲ್ಲ: ಅದು ಗುಂಪಿನಲ್ಲಿ ವೇಗವಾಗಿ ಈಜುವ ಹೊಳೆಮೀನು, ಅಳಿವಿನ ಅಂಚಿನ ಪಟ್ಟಿಯಲ್ಲಿಯೂ ಇದೆ.

ಎಲ್ಲ ಮೀನುಗಳನ್ನು ಒಂದೇ ದಿನ ಬಿಡಬಾರದು. ಮೊದಲು ನಾಲ್ಕು, ಎರಡು ವಾರದ ನಂತರ ಉಳಿದವು, ಸಿಗಡಿ ಕೊನೆಗೆ. ಚೀಲವನ್ನು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಸಿ, ಬಿಚ್ಚಿ, ಅದಕ್ಕೆ ತೊಟ್ಟಿಯ ನೀರನ್ನು ಅರ್ಧ ಲೋಟದಂತೆ ಐದು ನಿಮಿಷಕ್ಕೊಮ್ಮೆ ನಾಲ್ಕೈದು ಬಾರಿ ಸೇರಿಸಿ, ಮೀನನ್ನು ಬಲೆಯಲ್ಲಿ ಎತ್ತಿ ಬಿಡಬೇಕು. ಅಂಗಡಿಯ ನೀರು ತೊಟ್ಟಿಗೆ ಬೀಳಬಾರದು.

ಆಹಾರ ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ವಾರದಲ್ಲಿ ಒಂದು ದಿನ ಉಪವಾಸ. ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಟ್ಟರೆ, "ಪಾಪ, ಹಸಿದಿರ್ತವೆ" ಎಂಬ ಕರುಣೆಯಲ್ಲಿ ಅದು ಮೂರೇ ದಿನಕ್ಕೆ ಖಾಲಿಯಾಗುತ್ತದೆ. ಬೆಳೆದ, ಆರೋಗ್ಯವಾದ ಮೀನು ಒಂದು ವಾರ ಆಹಾರವಿಲ್ಲದೆ ಇರಬಲ್ಲದು. ಹೆಚ್ಚು ದಿನವಾದರೆ ಚಿಟಿಕೆ ಚಿಟಿಕೆಯಾಗಿ ಕಾಗದದಲ್ಲಿ ಪೊಟ್ಟಣ ಕಟ್ಟಿ, ದಿನಾಂಕ ಬರೆದು ಕೊಡಬೇಕು, ಡಬ್ಬಿಯನ್ನು ಅಡಗಿಸಿಡಬೇಕು.

ವಾರದ ಕೆಲಸ

ಭಾನುವಾರ ಬೆಳಿಗ್ಗೆ ಮುಕ್ಕಾಲು ಗಂಟೆ ಸಾಕು. ಬೆಳಿಗ್ಗೆಯೇ ಆಗಬೇಕು, ಏಕೆಂದರೆ ಬೇಸಿಗೆಯ ಮಧ್ಯಾಹ್ನ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಕೈಗೆ ಚುರುಕು ಮುಟ್ಟಿಸುವಷ್ಟು ಕಾದಿರುತ್ತದೆ. ಮೊದಲು ಹೀಟರಿನ ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಬೇಕು. ಬಿಸಿಯಾಗಿರುವ ಹೀಟರ್ ನೀರಿನಿಂದ ಹೊರಗೆ ನಿಂತರೆ ಗಾಜು ಸೀಳುತ್ತದೆ. ಗಾಜಿನ ಪಾಚಿ ಉಜ್ಜಿ, ಹಳದಿ ಎಲೆ ತೆಗೆದು, ಎತ್ತರಕ್ಕೆ ಬೆಳೆದ ಹೈಗ್ರೊಫಿಲಾ ಕಾಂಡವನ್ನು ಗಿಣ್ಣಿನ ಮೇಲೆ ಕತ್ತರಿಸಿ, ತುದಿಯನ್ನು ಮತ್ತೆ ಮರಳಿಗೆ ಚುಚ್ಚಬೇಕು. ಅನಂತರ ಪೈಪಿನಿಂದ ಹನ್ನೆರಡು ಲೀಟರ್, ಅಂದರೆ ಕಾಲು ಭಾಗದಷ್ಟು ನೀರು ಬಕೆಟ್ಟಿಗೆ ಇಳಿಸಬೇಕು. ಸ್ಪಂಜನ್ನು ತಿಂಗಳಿಗೊಮ್ಮೆ ಮಾತ್ರ, ಹೀಗೆ ಇಳಿಸಿದ ಹಳೆಯ ನೀರಿನಲ್ಲೇ ನಾಲ್ಕು ಬಾರಿ ಹಿಂಡಬೇಕು. ನಲ್ಲಿಯಡಿ ತೊಳೆದರೆ ಆರು ವಾರ ಬೆಳೆಸಿದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಬಲಿ. ಹೊಸ ನೀರನ್ನು ತಟ್ಟೆಯೊಂದರ ಮೇಲೆ ನಿಧಾನವಾಗಿ ಸುರಿದರೆ ಮರಳು ಕದಡುವುದಿಲ್ಲ.

ಗೊಬ್ಬರದ ವಿಷಯಕ್ಕೆ ಬಂದರೆ, ಅಕ್ವೇರಿಯಂ ಅಂಗಡಿಯ ಚಿಕ್ಕ ಬಾಟಲಿಯ ಬೆಲೆ ಕೊಡಲೊಪ್ಪದವರು ರೈತರ ಗೊಬ್ಬರದಂಗಡಿಗೆ ಹೋಗಬಹುದು. ಅಲ್ಲಿ 13-0-45 ಎಂದು ಸಿಗುವುದು ಪೊಟ್ಯಾಸಿಯಂ ನೈಟ್ರೇಟ್. ಅದರ ಅರ್ಧ ಗ್ರಾಂ 45 ಲೀಟರಿನಲ್ಲಿ ಲೀಟರಿಗೆ ಸುಮಾರು 7 ಮಿ.ಗ್ರಾಂ ನೈಟ್ರೇಟ್, 4 ಮಿ.ಗ್ರಾಂ ಪೊಟ್ಯಾಸಿಯಂ ಕೊಡುತ್ತದೆ. ಪರೀಕ್ಷೆಯಲ್ಲಿ ನೈಟ್ರೇಟ್ 5ಕ್ಕಿಂತ ಕೆಳಗಿದ್ದು, ಹಳೆಯ ಎಲೆಗಳು ಹಳದಿಯಾಗುತ್ತಿದ್ದರೆ ಮಾತ್ರ ಇದನ್ನು ವಾರಕ್ಕೊಮ್ಮೆ ಹಾಕಬೇಕು. ಅದೇ ಅಂಗಡಿಯ 19-19-19, ಯೂರಿಯಾ, ಡಿಎಪಿ ಇವುಗಳಲ್ಲಿ ಸಾರಜನಕ ಪೂರ್ತಿಯಾಗಿ ಇಲ್ಲವೇ ಬಹುಪಾಲು ಯೂರಿಯಾ ಅಥವಾ ಅಮೋನಿಯಂ ರೂಪದಲ್ಲಿರುತ್ತದೆ. ಇವು ತೊಟ್ಟಿಯ ಹತ್ತಿರವೂ ಸುಳಿಯಬಾರದು. ಹೊಸ ಎಲೆ ಬಿಳಿಚಿದರೆ ಕೊರತೆ ಕಬ್ಬಿಣದ್ದು, ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದರೆ ಹೆಚ್ಚಾಗಿ ಪೊಟ್ಯಾಸಿಯಂನದು. ಸೂಕ್ಷ್ಮ ಪೋಷಕಾಂಶದ ಮಿಶ್ರಣದಲ್ಲಿ ತಾಮ್ರ ಎಷ್ಟಿದೆ ಎಂದು ಸಿಗಡಿ ಸಾಕುವವರು ನೋಡಿಕೊಳ್ಳಬೇಕು.

ಪಾಚಿ ಮತ್ತು ರೋಗ

ಹಸಿರು ನೂಲಿನಂಥ ಪಾಚಿ ಕಂಡಾಗ ಮೊದಲ ಕೆಲಸ ಬೆಳಕನ್ನು ಒಂದು ಗಂಟೆ ಇಳಿಸುವುದು, ಕೈಯಿಂದ ಸುತ್ತಿ ತೆಗೆಯುವುದು. ಬೇರೇನನ್ನೂ ಮುಟ್ಟದೆ ಎರಡು ವಾರ ನೋಡಬೇಕು. ಮರಳಿನ ಮೇಲೆ ನೀಲಿಹಸಿರು ಕಂಬಳಿಯಂತೆ ಹರಡಿ, ಮಣ್ಣಿನ ವಾಸನೆ ಹೊಡೆಯುವುದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಅದನ್ನು ಪೈಪಿನಿಂದ ಎಳೆದು ತೆಗೆದು, ಆ ಮೂಲೆಗೆ ನೀರಿನ ಹರಿವು ತಲಪುವಂತೆ ಮಾಡಬೇಕು.

ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಬಿಳಿಚುಕ್ಕೆ ರೋಗ. ರೋಗಾಣು ಚುಕ್ಕೆಯೊಳಗಿರುವಾಗ ಔಷಧಿ ತಾಗುವುದಿಲ್ಲ, ನೀರಿನಲ್ಲಿ ಈಜುವ ಹಂತದಲ್ಲಷ್ಟೇ ಸಾಯುತ್ತದೆ. ಆದ್ದರಿಂದ ಚುಕ್ಕೆ ಮಾಯವಾದೊಡನೆ ಚಿಕಿತ್ಸೆ ನಿಲ್ಲಿಸಿದವರಿಗೆ ವಾರದಲ್ಲಿ ಮತ್ತೆ ಕಾಣಿಸುತ್ತದೆ. ಮಲಕೈಟ್ ಗ್ರೀನ್ ಇರುವ ಔಷಧಿ ಬಳಸುವ ಮೊದಲು ಸಿಗಡಿಗಳನ್ನು ಬೇರೆ ಪಾತ್ರೆಗೆ ಸಾಗಿಸಬೇಕು. ಇದೆಲ್ಲ ತಪ್ಪಬೇಕಾದರೆ ಹೊಸ ಮೀನನ್ನು ಎರಡು ವಾರ ಬೇರೆ ಡಬ್ಬಿಯಲ್ಲಿ, ಒಂದು ಸ್ಪಂಜ್ ಫಿಲ್ಟರಿನೊಂದಿಗೆ ಇಟ್ಟು ನೋಡುವುದು ಸುಲಭದ ದಾರಿ.

ಕತ್ತರಿಸಿದ ಗಿಡ, ಹೆಚ್ಚಾದ ತೇಲುಗಿಡ, ಬೇಡವಾದ ಮೀನು ಯಾವುದನ್ನೂ ಕೆರೆಗೋ ಚರಂಡಿಗೋ ಬಿಡಬಾರದು. ಹೊರದೇಶದಿಂದ ಬಂದ ನೀರುಗಿಡ ಕೆರೆಯನ್ನೇ ಮುಚ್ಚುವುದನ್ನು ನಮ್ಮ ಊರುಗಳಲ್ಲಿ ಕಾಣುತ್ತಲೇ ಇದ್ದೇವೆ. ಗಿಡದ ತುಣುಕುಗಳನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಕುಂಡಕ್ಕೆ ಹಾಕಬಹುದು, ಮೀನನ್ನು ಅಂಗಡಿಗೆ ಹಿಂದಿರುಗಿಸಬಹುದು. ವಾರವಾರ ತೆಗೆದ ಆ ಹನ್ನೆರಡು ಲೀಟರ್ ಹಳೆಯ ನೀರು ಔಷಧಿಯನ್ನಾಗಲಿ ಉಪ್ಪನ್ನಾಗಲಿ ಹಾಕದ ದಿನಗಳಲ್ಲಿ ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಹೋಗಲಿ.